ನೆರಳಿಲ್ಲದ ಒನಕೆ

ನಾನು ನಿಂತಿದ್ದು ಮೊಳಕಾಲ್ಮೂರಿನ ನಮ್ಮ ಮನೆಯ ಮುಂದಿನ ಅಂಗಳದಲ್ಲಿ, ನೀರಿನ ಗುಡಾಣಕ್ಕೆ ಬೆನ್ನು ಕೊಟ್ಟು, ದನ ಕಟ್ಟುವ ಗೂಟದಿಂದ ನಾಲ್ಕು ಹೆಜ್ಜೆ ಆಚೆ. ಹೆಜ್ಜೆಯೆಂದರೆ ಅಂದಿನ ನನ್ನ ಹೆಜ್ಜೆ, ಈಗಿನದಾದರೆ ಎರಡೂವರೆ. ಭರಣಿ ಮಳೆ ಹುಟ್ಟಿದ ನಾಲ್ಕನೆಯ ದಿನ, ನಡುಮಧ್ಯಾಹ್ನ. ವರ್ಷ ಯಾವುದೆಂದರೆ, ಈ ಇಪ್ಪತ್ತನೆಯ ಶತಮಾನಕ್ಕಿಂತ ನಾನು ನಾಲ್ಕು ವರ್ಷಕ್ಕೆ ದೊಡ್ಡವನು, ಆಗ ನನಗೆ ಹನ್ನೊಂದು. ಕಾಲಲ್ಲಿ ಏನೂ ಇರಲಿಲ್ಲ. ನೆಲ ಸುಡುತ್ತಿದ್ದುದರಿಂದ ಒಂದು ಕಾಲಿನ ಮೇಲೆ ನಿಂತು ಆಗಾಗ ಕಾಲು ಬದಲಿಸುತ್ತಿದ್ದೆ. ಯಾವ ಗಳಿಗೆಯಲ್ಲಿ ಯಾವ ಕಾಲಿನ ಮೇಲಿದ್ದೆ ಎಂದು ಕೇಳಿದರೆ ಹೇಳಲಾರೆ. ಮಿಕ್ಕಿದ್ದನ್ನೆಲ್ಲ ಹೇಳಬಲ್ಲೆ.

ಇಷ್ಟು ಎಚ್ಚರದಿಂದ ಬರೆಯುವುದಕ್ಕೆ ಕಾರಣವಿದೆ. ಚಳ್ಳಕೆರೆಯ ನಮ್ಮ ನೆಂಟರ ಮನೆಯಲ್ಲಿ ಈ ಸಂಗತಿಯನ್ನು ಬೇರೆ ಥರ ಹೇಳುತ್ತಾರೆ. ಅಂದು ನೆರಳು ಇದ್ದೇ ಇತ್ತು, ಮಕ್ಕಳ ಮುಖ ನೋಡಿ ದೊಡ್ಡವರು ಇಲ್ಲವೆಂದು ಒಪ್ಪಿಕೊಂಡರು ಎಂಬುದು ಅವರ ಮಾತು. ನಾನು ಅಂದು ಕಂಡದ್ದಕ್ಕೆ ನಡುಗಿದವನು. ಈಗಲೂ ವೈಶಾಖದ ಬಿಸಿಲಿನಲ್ಲಿ ಅಂಗಳ ದಾಟುವಾಗ ಒಮ್ಮೆ ನನ್ನ ಕಾಲ ಬುಡ ನೋಡಿಕೊಳ್ಳುತ್ತೇನೆ. ಆದ್ದರಿಂದ ಕಂಡಷ್ಟನ್ನು, ಕಂಡ ಕ್ರಮದಲ್ಲೇ ಹೇಳುತ್ತೇನೆ.

ನಮ್ಮದು ರೇಷ್ಮೆ ನೇಯುವ ಮನೆ. ಅಪ್ಪ, ಅವ್ವ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ, ನಾನು. ನಡುಮನೆಯಲ್ಲಿ ಮಗ್ಗ; ನೆಲದಲ್ಲಿ ತೋಡಿದ ಗುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಕೂರುತ್ತಿದ್ದ. ಆ ಕಾಲದ ಶಾಲೆಯೆಂದರೆ ಮಠ, ಅಪ್ಪ ಯಾವ ಮಠದಲ್ಲೂ ಓದಿದವನಲ್ಲ. ಅಕ್ಷರವನ್ನು ಯಾರ ಯಾರ ಮನೆಯ ಜಗಲಿಯಲ್ಲೋ ಕುಳಿತು ತಾನೇ ಕಲಿತಿದ್ದ. ಹೀಗೆ ಕಲಿತವರಿಗೆ ಒಂದು ಜಂಬ ಇರುತ್ತದೆ, ಅಪ್ಪನಿಗೂ ಇತ್ತು. ತನ್ನ ಮಕ್ಕಳು ಮನೆಯಲ್ಲೇ ಕಲಿಯಬೇಕೆಂದು ಅವನ ಹಟ. ಮಗ್ಗಿ ಹೇಳಿಸುವುದು ಹೀಗೆ: ಲಾಳಿ ಒಂದು ಸಲ ಅತ್ತಿಂದಿತ್ತ ಹೋಗುವಷ್ಟರಲ್ಲಿ ಒಂದು ಸಾಲು ಮುಗಿಯಬೇಕು. ನಾವು ತಡವರಿಸಿದರೆ ಲಾಳಿ ನಿಲ್ಲುತ್ತಿತ್ತು. ಅಪ್ಪ ಬಯ್ಯುತ್ತಿರಲಿಲ್ಲ, ಲಾಳಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕಾಯುತ್ತಿದ್ದ. ಒಳಗಿಂದ ಅವ್ವ, "ಮಗ್ಗ ಯಾಕೆ ನಿಂತೈತೆ? ಹದಿಮೂರರ ಮಗ್ಗಿಗೆ ಬಂದ್ರಾ?" ಎಂದು ಕೂಗುತ್ತಿದ್ದಳು. ಆ ಮನೆಯಲ್ಲಿ ದಡ್ಡತನ ಬೀದಿಗೆಲ್ಲ ಕೇಳಿಸುತ್ತಿತ್ತು.

ಲೆಕ್ಕ, ಅಕ್ಷರ ಇಷ್ಟು ಅಪ್ಪನದು. ಉಳಿದದ್ದು ನಮಗೆ ಬಿಟ್ಟಿದ್ದು. ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ವಿದ್ಯೆಯನ್ನು ಹಿಡಿಯಬೇಕು, ಹಿಡಿದರೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ ಮಾಡಬೇಕು. ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ನಲವತ್ತೆಂಟನೆಯ ದಿನ ಎಲ್ಲರೆದುರು ಒಪ್ಪಿಸಬೇಕು.

"ಏನು ಕಲೀಬೇಕು ಅನ್ನೋದು ನಿಮ್ಮಿಷ್ಟ," ಎನ್ನುತ್ತಿದ್ದ ಅಪ್ಪ. "ನಡುವೆ ಬಿಡೋದು ನಿಮ್ಮಿಷ್ಟ ಅಲ್ಲ."

ಈ ನೇಮ ಕೇಳಲು ಸುಲಭ. ಒಂಬತ್ತನೆಯ ವಯಸ್ಸಿನಲ್ಲಿ ನಾನು ಅಗಸರ ಕತ್ತೆಯ ಹಾಗೆ ಕೂಗುವುದನ್ನು ಕಲಿಯುತ್ತೇನೆ ಎಂದುಬಿಟ್ಟೆ. ತಮಾಷೆಗೆ ಅಂದ ಮಾತು. ಅಪ್ಪ ನಗಲಿಲ್ಲ. "ಹಿಡಿದ್ಯಲ್ಲ, ನಡಿ," ಎಂದ. ಆರನೆಯ ದಿನಕ್ಕೇ ನನಗೆ ಸಾಕಾಗಿತ್ತು. ಅವ್ವನಿಗೆ ಎರಡನೆಯ ದಿನಕ್ಕೆ. ಇಪ್ಪತ್ತನೆಯ ದಿನ ಎದುರು ಮನೆಯವರು ಬಂದು ಇನ್ನೆಷ್ಟು ದಿನ ಉಳಿದಿದೆ ಎಂದು ಮರ್ಯಾದೆಯಿಂದ ವಿಚಾರಿಸಿಕೊಂಡು ಹೋದರು. ನಲವತ್ತೆಂಟನೆಯ ದಿನ ಅಂಗಳದಲ್ಲಿ ನಿಂತು ಒಪ್ಪಿಸಿದೆ. ನಾನು ಮುಗಿಸುವುದಕ್ಕೂ ಬೀದಿಯ ತುದಿಯಿಂದ ಅಗಸರ ಕತ್ತೆ ಉತ್ತರ ಕೊಡುವುದಕ್ಕೂ ಸರಿಹೋಯಿತು. "ಪಾಸಾದ," ಎಂದ ಅಪ್ಪ. "ಪರೀಕ್ಷೆ ತಗಂಡೋರು ಅಲ್ಲಿಂದ್ಲೇ ಹೇಳ್ತವ್ರೆ."

ಆಮೇಲೆ ಏನನ್ನಾದರೂ ಹಿಡಿಯುವ ಮುಂಚೆ ನಾನು ಎರಡು ಸಲ ಯೋಚಿಸುವಂತಾದೆ. ಅಪ್ಪನಿಗೆ ಬೇಕಾಗಿದ್ದುದು ಅದೇ ಇರಬೇಕು.

ಅಕ್ಕನ ನೆರಳಿನ ವಿದ್ಯೆ ಶುರುವಾಗಿದ್ದು ನನ್ನ ಸೋಮಾರಿತನದಿಂದ. ಅಂಗಳದ ನಡುವೆ ಎದೆಯೆತ್ತರದ ಒಂದು ಜಾಲಿ ಗೂಟ ಇತ್ತು, ಬಂದವರ ಎತ್ತು ಕಟ್ಟುವುದಕ್ಕೆ. ಅದನ್ನು ನೆಟ್ಟವನು ಮನೆ ಕಟ್ಟಿದ ಬಡಗಿ. ಈ ಮಾತು ಮುಂದೆ ಬೇಕಾಗುತ್ತದೆ. ಗೂಟದ ಪಕ್ಕದಲ್ಲಿ ಒಂದು ಅಗಲವಾದ ಹಾಸುಗಲ್ಲು. ಅದರ ಮೇಲೆ ನೀರು ಬಿದ್ದರೆ ಎತ್ತಲೂ ಹರಿಯದೆ ಅಲ್ಲೇ ನಿಲ್ಲುತ್ತಿತ್ತು; ಪಾಚಿ ಕಟ್ಟುತ್ತದೆಂದು ಅವ್ವ ದಿನವೂ ಆ ಕಲ್ಲಿಗೆ ಶಾಪ ಹಾಕುತ್ತಿದ್ದಳು. ಇದೂ ಮುಂದೆ ಬೇಕಾಗುತ್ತದೆ. ಒಂದು ಪುಷ್ಯ ಮಾಸದಲ್ಲಿ, ಬೆಳಗಿನ ಪಾಠ ಎಷ್ಟು ಹೊತ್ತಿಗೆ ಮುಗಿಯಬೇಕೆಂಬುದನ್ನು ನೀವೇ ಗೊತ್ತು ಮಾಡಿಕೊಳ್ಳಿ ಎಂದು ಅಪ್ಪ ಹೇಳಿದ. ನಾನು ಮಧ್ಯಾಹ್ನ ಗೂಟದ ನೆರಳಿನ ತುದಿ ಬಿದ್ದಲ್ಲಿ, ಉತ್ತರಕ್ಕೆ, ಒಂದು ಸುಣ್ಣದ ಚುಕ್ಕೆ ಇಟ್ಟೆ. ನೆರಳು ಚುಕ್ಕೆ ಮುಟ್ಟಿದರೆ ಪಾಠ ಮುಗಿಯಿತು, ಅಲ್ಲಿಯವರೆಗೆ ಏಳಬಾರದು.

ಕೆಲವು ದಿನ ಚೆನ್ನಾಗಿ ನಡೆಯಿತು. ಮಾಘ ಬರುವಷ್ಟರಲ್ಲಿ ನೆರಳಿನ ತುದಿ ಚುಕ್ಕೆಯಿಂದ ಈಚೆಗೇ ನಿಂತುಬಿಟ್ಟಿತು. ನಾನು ಕಾದೆ. ನೆರಳು ಚುಕ್ಕೆಯ ಹತ್ತಿರ ಬಂದು, ಮುಟ್ಟದೆ, ಮೆಲ್ಲಗೆ ಪೂರ್ವಕ್ಕೆ ಹೊರಳಿತು. ಅವ್ವ ಮುದ್ದೆಯ ತಟ್ಟೆಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ನೆರಳು ಮುಟ್ಲಿಲ್ಲ," ಎಂದೆ.

"ಚುಕ್ಕೆ ಇಟ್ಟೋರು ಯಾರು?"

"ನಾನು."

"ಹಂಗಾದ್ರೆ ನನ್ನ ಯಾಕೆ ಕೇಳ್ತೀಯ? ನೆರಳನ್ನ ಕೇಳು."

ನಾನು ಅಳುತ್ತ ಅಲ್ಲೇ ಮುದ್ದೆ ನುಂಗಿದೆ. ಅಕ್ಕ ಮಾತ್ರ ನಗದೆ ನೆಲವನ್ನು ನೋಡುತ್ತಿದ್ದಳು. ಚುಕ್ಕೆಗೂ ನೆರಳಿನ ತುದಿಗೂ ನಡುವೆ ಬೆರಳಿಟ್ಟು ಅಳೆದಳು. ಮಾರನೆಯ ದಿನ ಮತ್ತೆ ಅಳೆದಳು. ಮೂರನೆಯ ದಿನ ಅಪ್ಪನ ಹತ್ತಿರ ಹೋಗಿ, "ನಾನು ನೆರಳು ಹಿಡಿತೀನಿ," ಎಂದಳು.

ಅಪ್ಪ ಲಾಳಿ ನಿಲ್ಲಿಸಿ ಅವಳ ಮುಖ ನೋಡಿದ. ಆ ದಿನವೇ ಅವಳಿಗೆ ಒಂದು ಕಡತ ಮಾಡಿಕೊಟ್ಟ. ಹಳೆಯ ಬಟ್ಟೆಗೆ ಹುಣಸೆ ಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂತಾಗುತ್ತದೆ. ಮಡಿಸಿ ಮಡಿಸಿ ಪುಸ್ತಕದ ಹಾಗೆ ಇಟ್ಟುಕೊಳ್ಳಬಹುದು, ಬಳಪದಲ್ಲಿ ಬರೆಯಬಹುದು. ಬಟ್ಟೆಗೆ ಗಂಜಿ ಹಾಕುವುದು ನಮ್ಮ ಮನೆಯ ಕಸುಬೇ, ಆದ್ದರಿಂದ ಅಕ್ಕನ ಕಡತ ಊರಿನ ಶಾನುಭೋಗರ ಕಡತಕ್ಕಿಂತ ಗಟ್ಟಿಯಾಗಿತ್ತು.

ಅಕ್ಕ ಮಂಡಲದ ಮೇಲೆ ಮಂಡಲ ಹಿಡಿದಳು. ದಿನವೂ ಮಧ್ಯಾಹ್ನ ಅತ್ಯಂತ ಗಿಡ್ಡ ನೆರಳು ಎಷ್ಟು ಬೆರಳು ಎಂದು ಅಳೆದು ಬರೆಯುವುದು, ಅಷ್ಟೇ. ನೆರಳು ದಿನದಿನಕ್ಕೆ ಗಿಡ್ಡವಾಗುತ್ತ ಬಂತು. ಎರಡೂವರೆ ಬೆರಳಿಗೆ ಇಳಿದಾಗ ಚಳ್ಳಕೆರೆಯಿಂದ ಸೋದರಮಾವನ ಕರೆ ಬಂತು; ಅವನ ಹಿರಿಮಗಳ ಮದುವೆ. ಹದಿನೈದು ದಿನ ನಾವೆಲ್ಲ ಅಲ್ಲಿದ್ದೆವು. ಅಕ್ಕ ಅಲ್ಲೂ ಒಂದು ಕೋಲು ನೆಡಲು ಹೋಗಿದ್ದಳು. ಮದುವೆ ಮನೆಯ ಚಪ್ಪರದಡಿ ಬಿಸಿಲೇ ಇರಲಿಲ್ಲ, ಚಪ್ಪರದಾಚೆ ನೆಟ್ಟ ಕೋಲನ್ನು ಯಾರೋ ಒಲೆಗೆ ಹಾಕಿದರು. ವಾಪಸು ಬಂದ ದಿನ ಗಾಡಿಯಿಂದಿಳಿದವಳೇ ಗೂಟದ ಹತ್ತಿರ ಓಡಿದಳು. ನೆರಳು ಮತ್ತೆ ಎರಡೂವರೆ ಬೆರಳೇ ಇತ್ತು. ಆದರೆ ಉತ್ತರಕ್ಕಲ್ಲ, ದಕ್ಷಿಣಕ್ಕೆ.

ಅಪ್ಪ ಬಂದು ನೋಡಿದ. ಮಂಡಲ ತಪ್ಪಿದ್ದರಿಂದ ಮತ್ತೆ ಒಂದರಿಂದ ಎಣಿಸು ಎಂದಷ್ಟೇ ಹೇಳಿದ. ಅಕ್ಕ ಕಡತದಲ್ಲಿ ಆ ಹದಿನೈದು ದಿನದ ಜಾಗವನ್ನು ಖಾಲಿ ಬಿಟ್ಟಳು. ಆ ಖಾಲಿ ಜಾಗ ಅವಳ ತಲೆಯೊಳಗೆ ಹೊಕ್ಕಿತು.

"ಆ ಬದಿಯಿಂದ ಈ ಬದಿಗೆ ಬರ್ಬೇಕಾದ್ರೆ ಹೊಸ್ತಿಲು ದಾಟ್ಲೇಬೇಕಲ್ಲೇನೋ," ಎಂದಳು ನನಗೆ. "ಗೂಟಾನೇ ಹೊಸ್ತಿಲು. ನಡುವೆ ಒಂದಿನ ನೆರಳು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ."

"ಮತ್ತೆ ಎಲ್ಲಿರ್ತೈತೆ?"

"ಇರಲ್ಲ."

ನೆರಳಿಲ್ಲದ್ದು ದೆವ್ವಕ್ಕೆ ಮಾತ್ರ ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಆ ದಿನ ಯಾವುದೆಂದು ಲೆಕ್ಕ ಹಾಕಲು ಅಕ್ಕ ಮೊದಲು ತಿಥಿ ಹಿಡಿದಳು. ಅವ್ವ ರಾಗಿ ಕೇರುತ್ತ, "ತಿಥಿ ಚಂದ್ರಂದು ಕಣೇ. ಯುಗಾದಿ ಒಂದ್ವರ್ಷ ಮುಂದೆ, ಒಂದ್ವರ್ಷ ಹಿಂದೆ. ಸೂರ್ಯಂದು ಬೇಕಾದ್ರೆ ಮಳೆ ನಕ್ಷತ್ರ ಹಿಡಿ, ಬಿತ್ತೋರು ಅದನ್ನೇ ಹಿಡಿಯೋದು," ಎಂದಳು. ಅಶ್ವಿನಿ ಮಳೆ, ಭರಣಿ ಮಳೆ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಅವು ವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹುಟ್ಟುತ್ತವೆ, ನೀರು ಬರಲಿ ಬಿಡಲಿ. ನಮ್ಮ ಕಡೆ ಹೆಚ್ಚಾಗಿ ಬಿಡುವುದೇ. ಅಕ್ಕ ಖಾಲಿ ದಿನಗಳನ್ನು ಎರಡು ಪಾಲು ಮಾಡಿ ನಡುವಿನ ದಿನವನ್ನು ಹಿಡಿದಳು. ಭರಣಿ ಮಳೆಯ ನಾಲ್ಕನೆಯ ದಿನ. ಆಮೇಲೆ ಆ ದಿನ ಮತ್ತೆ ಬರುವವರೆಗೆ ಅಳೆಯುತ್ತ ಕಾಯತೊಡಗಿದಳು. ಜ್ವರದಲ್ಲೂ ಅಳೆದಳು. ನಾನು ಆ ಹೊತ್ತಿನಲ್ಲಿ ಕವಣೆ ಬೀಸುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು ಮುಂತಾದ ಮಂಡಲಗಳನ್ನು ಮುಗಿಸಿದೆ.

ವರ್ಷ ಸುತ್ತಿ ಬಂತು. ಭರಣಿ ಹುಟ್ಟುವ ದಿನ ಸೋದರಮಾವ ಚಳ್ಳಕೆರೆಯಿಂದ ಕಮಾನುಗಾಡಿಯಲ್ಲಿ ಬಂದ. ಅವ್ವನ ಅಣ್ಣ, ಅಲ್ಲಿ ನೂಲಿನ ಅಂಗಡಿ ಇಟ್ಟವನು. ದೊಡ್ಡ ರುಮಾಲು, ದೊಡ್ಡ ದನಿ, ನಮ್ಮ ಮೇಲೆ ನಿಜವಾದ ಪ್ರೀತಿ. ಅವನ ಮಗ ಅಲ್ಲಿ ಒಬ್ಬ ಐಯನೋರ ಮಠದಲ್ಲಿ ಓದುತ್ತಿದ್ದ. ಆ ಐಯನೋರು ತಪ್ಪಿದ ಹುಡುಗರನ್ನು ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ತೂಗುಬಿಡುತ್ತಾರೆಂದು ಮಾವ ಬಹಳ ಮೆಚ್ಚಿಗೆಯಿಂದ ಹೇಳಿದ.

"ನೋಡು ಭಾವ, ಬೆತ್ತ ಇಲ್ದೆ ಬುದ್ಧಿ ಬರಾಕಿಲ್ಲ," ಎಂದ ಅಪ್ಪನಿಗೆ. "ನಿನ್ನ ಮಗ ಎರಡು ವರ್ಷದಲ್ಲಿ ಏನು ಕಲ್ತ? ಕತ್ತೆ ಕೂಗು. ಚಳ್ಳಕೆರೆಗೆಲ್ಲ ಸುದ್ದಿ ಮುಟ್ಟೈತೆ. ಅಳಿಯನ್ನ ನಂಜೊತೆ ಕಳ್ಸು, ಮನುಷ್ಯನ್ನ ಮಾಡಿ ಕಳಿಸ್ತೀನಿ."

"ಕುಂತ್ಕಳ್ರಿ ಭಾವ, ಮೊದ್ಲು ನೀರು ಕುಡೀರಿ," ಎಂದ ಅಪ್ಪ.

"ಕುಡಿತೀನಿ. ಹುಡುಗ ಅಲ್ಲಿಗೆ ಬಂದ್ರೆ ಇಲ್ಲಿ ಪಾಠ ಯಾರಿಗೆ? ಹುಡುಗಿಗೆ ಹದಿಮೂರು. ಲಾಳಿಗೆ ಕಂಡಿಕೆ ಸುತ್ತೋದು ಬಿಟ್ಟು ಅಂಗಳದಾಗೆ ಬೆರಳಿಟ್ಟು ನೆಲ ಅಳೀತಾಳೆ. ಕಂಡೋರು ಏನಂತಾರೆ? ಆ ಕರೀ ಬಟ್ಟೆ ಸುತ್ತಿ ಅಟ್ಟಕ್ಕೆ ಎಸಿ."

ಅಪ್ಪ ನೀರಿನ ಚೊಂಬು ತಂದು ಮುಂದಿಟ್ಟ. ಅವ್ವ ಅಟ್ಟದ ಕಡೆ ಒಮ್ಮೆ ನೋಡಿದಳು, ಅದು ಕೆಟ್ಟ ಲಕ್ಷಣ. ಅಣ್ಣನ ಮಾತು ಅವಳಿಗೆ ಅರ್ಧ ಹಿಡಿಸಿತ್ತು ಎಂದು ಕಾಣುತ್ತದೆ. ನಾನು ಹೋದರೆ ಮನೆಯ ಪಾಠ ನಿಲ್ಲುತ್ತದೆ, ಪಾಠ ನಿಂತರೆ ಕಡತ ಅಟ್ಟಕ್ಕೆ. ನಮ್ಮಿಬ್ಬರಿಗೂ ಅರ್ಥವಾಯಿತು. ಆಗ ಅಕ್ಕ ಕಂಬದ ಹಿಂದಿನಿಂದ ಮುಂದೆ ಬಂದಳು.

"ಮಾವ, ಇನ್ನ ಮೂರು ದಿನ ಇರ್ತೀರಾ?"

"ಯಾಕವ್ವಾ?"

"ನಾಲ್ಕನೇ ದಿನ ಮಧ್ಯಾಹ್ನ ಈ ಗೂಟಕ್ಕೆ ನೆರಳಿರಲ್ಲ. ಇದ್ರೆ ಇವನ್ನ ಕರ್ಕಂಡೋಗ್ರಿ. ಕಡತಾನ ನಾನೇ ಅಟ್ಟಕ್ಕೆ ಎಸೀತೀನಿ."

"ನೆರಳಿರಲ್ವಾ!" ಮಾವ ನಕ್ಕ ನಗೆಗೆ ಹೊರಗಿದ್ದ ಎತ್ತುಗಳು ಕಿವಿ ನಿಮಿರಿಸಿದವು. "ಇಲ್ದೇ ಹೋದ್ರೆ?"

"ಇವನು ಇಲ್ಲೇ ಇರ್ತಾನೆ. ನೀವು ಮತ್ತೆ ಈ ಮಾತು ಎತ್ತಬಾರ್ದು."

"ಆಯ್ತು. ಒಂದೆಳೆ ನೆರಳು ಕಂಡ್ರೂ ನಾನು ಗೆದ್ದೆ. ಭಾವ, ಕೇಳಿಸ್ಕಂಡ್ಯಾ?"

"ಕೇಳಿಸ್ಕಂಡೆ," ಎಂದ ಅಪ್ಪ. "ಹಿಡಿದ್ಮೇಲೆ ಬಿಡಂಗಿಲ್ಲ. ನಿಮಗೂ ಅಷ್ಟೇ."

ಆ ಮೂರು ದಿನ ಮನೆಯಲ್ಲಿ ದೇವರಿಗೆ ಕಷ್ಟವಾಗಿರಬೇಕು. ಭರಣಿಯಲ್ಲಿ ಮಳೆ ಹುಯ್ದರೆ ಧರಣಿಯೆಲ್ಲ ಬೆಳೆ ಎಂದು ಊರೇ ಮುಗಿಲು ನೋಡುತ್ತಿತ್ತು. ಅಕ್ಕ ಮೋಡ ಬೇಡವೆಂದು ಬೇಡಿಕೊಳ್ಳುತ್ತಿದ್ದಳು. ಅವ್ವ ದೀಪ ಹಚ್ಚಿ, "ಮಳೆ ಬರ್ಲಪ್ಪಾ, ಆದ್ರೆ ಹೊತ್ತು ಇಳಿದ ಮೇಲೆ ಬರ್ಲಿ," ಎಂದು ಇಬ್ಬರಿಗೂ ಸರಿಹೋಗುವಂತೆ ಕೈಮುಗಿದಳು. ನೆರಳು ಮೊದಲ ದಿನ ಒಂದು ಬೆರಳಿತ್ತು. ಮೂರನೆಯ ದಿನ ಮಧ್ಯಾಹ್ನ ಬೆರಳಿನ ಮೂರನೆಯ ಒಂದು ಪಾಲು. ಮಾವ ಬಗ್ಗಿ ನೋಡಿ, "ಇದು ಇಷ್ಟರಲ್ಲೇ ನಿಲ್ಲೋದು ಬಿಡು. ಕೊನೆ ಗುಟುಕು ಯಾವತ್ತೂ ಚೊಂಬಲ್ಲೇ ಉಳೀತೈತೆ," ಎಂದ. ಅಕ್ಕ ಕಡತದಲ್ಲಿ ಬರೆದುಕೊಂಡಳು.

ಅಂದು ಸಂಜೆ ಮಾವನ ಎತ್ತುಗಳು ಯಾವುದಕ್ಕೋ ಬೆದರಿ ಜಗ್ಗಿ ಗೂಟವನ್ನು ಬುಡಸಮೇತ ಕಿತ್ತವು. ಅಕ್ಕ ಒಳಗೆ ಬೀಸುವ ಕಲ್ಲಿನ ಮುಂದಿದ್ದಳು. "ಲೇ, ಅದೇ ಗುಣೀಲಿ ನೆಟ್ಟಗೆ ನೆಡು," ಎಂದು ಅಲ್ಲಿಂದಲೇ ಕೂಗಿದಳು. ನಾನು ನೆಟ್ಟೆ. ಕಲ್ಲು ಹಾಕಿ, ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿದೆ. ಹಿಂದಕ್ಕೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದೆ. ನೆಟ್ಟಗಿತ್ತು. ನನ್ನ ಕಣ್ಣಿಗೆ ನೆಟ್ಟಗಿತ್ತು ಎಂದು ಪ್ರಮಾಣ ಮಾಡಿ ಹೇಳುತ್ತೇನೆ.

ಈಗ ಮೊದಲು ಹೇಳಿದ ಜಾಗಕ್ಕೆ ಬಂದೆ. ನಾನು ಗುಡಾಣದ ಮುಂದೆ. ಅಪ್ಪ ಮಗ್ಗ ಬಿಟ್ಟು ಬಂದು ಬಾಗಿಲ ಮೆಟ್ಟಿಲ ಮೇಲೆ. ಮಾವ ಗೂಟದ ಪೂರ್ವಕ್ಕೆ, ಮೊಣಕಾಲಿಗೆ ಕೈಕೊಟ್ಟು ಬಗ್ಗಿ. ಅಕ್ಕ ಪಶ್ಚಿಮಕ್ಕೆ, ನೆಲದ ಮೇಲೆ ಕುಳಿತು. ಅವ್ವ ಬಾಗಿಲೊಳಗೆ, ಕೈಯಲ್ಲಿ ಸೌಟು. ಬೀದಿಯಾಚೆ ಎದುರು ಮನೆಯ ಜಗಲಿಯಲ್ಲಿ ಆ ಮನೆಯ ಹುಡುಗಿ, ನನ್ನ ವಯಸ್ಸಿನವಳು, ಹುಣಸೆಹಣ್ಣು ಚೀಪುತ್ತ ಕೂತಿದ್ದಳು. ಅವರ ಮನೆಮಾತು ತೆಲುಗು. ಮುಗಿಲಿನಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ.

ನೆರಳು ಪಶ್ಚಿಮದಿಂದ ಮೆಲ್ಲಗೆ ತಿರುಗುತ್ತ, ಅಕ್ಕ ಉತ್ತರಕ್ಕೆ ಎಳೆದಿದ್ದ ಸುಣ್ಣದ ಗೆರೆಯ ಮೇಲೆ ಬಂತು. ಅದು ಮಧ್ಯಾಹ್ನದ ಗುರುತು. ಅಕ್ಕ ಬೆರಳಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಪೂರ್ತಿ ನಾಲ್ಕು ಬೆರಳು ನೆರಳಿತ್ತು.

"ಸರಿಹೋಯ್ತು!" ಮಾವ ಸೊಂಟ ನೆಟ್ಟಗೆ ಮಾಡಿದ. "ಅಳಿಯ, ಬಟ್ಟೆ ಗಂಟು ಕಟ್ಕ. ತಂಗೀ, ಊಟಕ್ಕಿಡು. ಹೊತ್ತು ಇಳೀತಿದ್ದಂಗೆ ಹೊರಡ್ತೀವಿ."

ತೊಲೆಯ ಹಗ್ಗ ಕಣ್ಣ ಮುಂದೆ ಬಂತು. ಅಕ್ಕ ಅಳುತ್ತಾಳೆಂದು ನಾನು ಅವಳ ಕಡೆ ನೋಡಲಿಲ್ಲ. ನೋಡಿದಾಗ ಅವಳು ಅಳುತ್ತಿರಲಿಲ್ಲ, ಕಡತ ಬಿಚ್ಚುತ್ತಿದ್ದಳು.

"ನಿನ್ನೆ ಒಂದು ಬೆರಳೂ ಇರ್ಲಿಲ್ಲ," ಎಂದಳು. ಯಾರಿಗೂ ಅಲ್ಲ, ಕಡತಕ್ಕೆ. "ಮೊನ್ನೆ ಅರ್ಧಕ್ಕಿಂತ ಚೂರು ಜಾಸ್ತಿ. ಆಚೆ ಮೊನ್ನೆ ಒಂದು. ಇವತ್ತು ನಾಲ್ಕು. ಒಂದೂಕಾಲು ವರ್ಷದಾಗೆ ಒಂದಿನಾನೂ ಹಿಂಗೆ ಜಿಗಿದಿಲ್ಲ." ಆಮೇಲೆ ತಲೆಯೆತ್ತಿದಳು. "ಸೂರ್ಯ ಜಿಗಿಯಲ್ಲ. ಗೂಟ ಜಿಗಿದೈತೆ. ನೆಟ್ಟೋರು ಯಾರು?"

ನೆಟ್ಟವನು ಒಂದು ಕಾಲಿನ ಮೇಲೆ ನಿಂತಿದ್ದ. "ನಾನು," ಎಂದೆ. "ನೆಟ್ಟಗೇ ನೆಟ್ಟಿದ್ದೀನಿ ಅಕ್ಕ. ಹಾಸಿನ ಗೂಟ ಹೆಂಗೆ ನೆಡ್ತೀವೋ ಹಂಗೇ."

ಈ ಮಾತಿಗೆ ಅಪ್ಪ ಮೆಟ್ಟಿಲಿಂದ ಎದ್ದ. ನೇಯುವವರು ಮುಂಜಾನೆ ಬೀದಿಯುದ್ದಕ್ಕೂ ಗೂಟ ನೆಟ್ಟು ಹಾಸಿನ ಉದ್ದನೆಯ ಎಳೆಗಳನ್ನು ಬಿಗಿದು ಕಟ್ಟುತ್ತಾರೆ. ಎಳೆಯ ಜಗ್ಗಿಗೆ ಗೂಟ ಮುಂದಕ್ಕೆ ವಾಲದಿರಲೆಂದು ನೆಡುವಾಗಲೇ ಒಂದಿಷ್ಟು ಹಿಂದಕ್ಕೆ ವಾಲಿಸಿ ನೆಡುವುದು ಪದ್ಧತಿ. ಕೈ ಬಲಿತಾಗಿನಿಂದ ನಾನು ನೆಟ್ಟ ಗೂಟಗಳೆಲ್ಲ ಹಾಗೆಯೇ. ನಮ್ಮ ಬೀದಿಯಲ್ಲಿ ನೆಟ್ಟಗೆ ಎಂದರೆ ಅದೇ. ಬಡಗಿ ನೆಟ್ಟದ್ದನ್ನು ಕಿತ್ತ ಮೇಲೆ ಅಂಗಳಕ್ಕೆ ನೇಯುವವನ ಗೂಟ ಬಂದಿತ್ತು, ಉತ್ತರಕ್ಕೆ ವಾಲಿಕೊಂಡು.

"ನೆಪ ಹೇಳ್ಬೇಡ್ರಿ," ಎಂದ ಮಾವ. "ನಿನ್ನೆ ತನಕ ಗೂಟ ಸರಿಯಾಗಿತ್ತು, ನೆರಳು ಕಂಡ ಕೂಡ್ಲೇ ಸೊಟ್ಟಗಾಯ್ತಾ?"

"ಸೊಟ್ಟಗಾಗದೇ ಇರೋದು ಏನೈತೆ ಮನೇಲಿ?" ಎಂದು ಅಕ್ಕ ಸುತ್ತ ನೋಡಿದಳು. "ಬೇಗ. ಹೊತ್ತು ಹೋಗ್ತೈತೆ."

ಬಾಗಿಲೊಳಗಿಂದ ಸೌಟು ಬಿದ್ದ ಸದ್ದಾಯಿತು. ಅವ್ವ ಒನಕೆ ಹಿಡಿದು ಹೊರಗೆ ಬಂದಳು. ಗ್ರಹಣ ಬಂದಾಗಲೆಲ್ಲ ಅವಳು ಆ ಒನಕೆಯನ್ನು ನೀರು ತುಂಬಿದ ಹರಿವಾಣದಲ್ಲಿ ನಿಲ್ಲಿಸುತ್ತಿದ್ದಳು. ಗ್ರಹಣ ಬಿಡುವವರೆಗೆ ಅದು ಯಾರೂ ಹಿಡಿಯದೆ ನಿಂತಿರುತ್ತಿತ್ತು; ಒಂದಿಷ್ಟು ವಾಲಿದರೂ ನಿಲ್ಲುವ ವಸ್ತುವಲ್ಲ ಅದು. ಹಾಸುಗಲ್ಲಿನ ಮೇಲೆ, ಯಾವಾಗಲೂ ನೀರು ನಿಲ್ಲುವ ಮಟ್ಟಸವಾದ ಜಾಗದಲ್ಲಿ, ಒನಕೆಯ ಕಬ್ಬಿಣದ ಬಳೆಯ ಕಡೆಯನ್ನು ಊರಿದಳು. ಎರಡೂ ಅಂಗೈಯಲ್ಲಿ ಮಗುವನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿ, ಉಸಿರು ಹಿಡಿದು, ಕೈ ಬಿಟ್ಟಳು.

"ಗ್ರಹಣಕ್ಕೇ ನಿಲ್ತೈತೆ, ನನ್ನ ಮಗಳಿಗೆ ನಿಲ್ಲಲ್ವಾ?" ಎಂದಳು.

ನಿಂತಿತು.

ಆಮೇಲಿನದನ್ನು ನಾನು ನಿಧಾನವಾಗಿ ಹೇಳಬೇಕು. ಒನಕೆ ನನ್ನಷ್ಟು ಎತ್ತರ ಇತ್ತು. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ಹಾಸುಗಲ್ಲು ಹರಿವಾಣದಂತೆ ಹೊಳೆಯುತ್ತಿತ್ತು. ಒನಕೆಯ ಪೂರ್ವಕ್ಕೆ ನೋಡಿದೆ, ಇಲ್ಲ. ಪಶ್ಚಿಮಕ್ಕೆ ಇಲ್ಲ. ಉತ್ತರಕ್ಕೆ ಇಲ್ಲ, ದಕ್ಷಿಣಕ್ಕೆ ಇಲ್ಲ. ಬುಡದ ಸುತ್ತ ಒಂದೆಳೆಯಷ್ಟು ಕಪ್ಪೂ ಇರಲಿಲ್ಲ. ಒನಕೆ ಭೂಮಿಯ ಮೇಲೆ ಯಾರ ಲೆಕ್ಕಕ್ಕೂ ಸಿಗದ ಹಾಗೆ ನಿಂತಿತ್ತು.

"ನೀಡ ಲೇದು!" ಎಂದು ಎದುರು ಜಗಲಿಯ ಹುಡುಗಿ ಕಿರುಚಿದಳು. ನೆರಳಿಲ್ಲ, ಒನಕೆಗೆ ನೆರಳಿಲ್ಲ ಎಂದು. "ಅಮ್ಮಾ, ರೋಕಲಿಕಿ ನೀಡ ಲೇದು!"

ಮಾವ ಒನಕೆಯನ್ನು ಸುತ್ತಿದ. ಒಂದು ಸುತ್ತು, ಎರಡನೆಯ ಸುತ್ತು. ಮೂರನೆಯದಕ್ಕೆ ಅವ್ವ, "ಪ್ರದಕ್ಷಿಣೆ ಸಾಕು ಅಣ್ಣಾ, ತೆಂಗಿನಕಾಯಿ ತರ್ಲಾ?" ಎಂದಳು.

"ಮಾತಾಡಿದ್ದು ಗೂಟದ್ದು," ಎಂದ ಮಾವ. ದನಿ ಸಣ್ಣದಾಗಿತ್ತು. "ಒನಕೆದಲ್ಲ."

ಅಪ್ಪ ಒಳಗೆ ಹೋಗಿ ಒಂದು ಎಳೆ ರೇಷ್ಮೆಗೆ ಕಲ್ಲು ಕಟ್ಟಿ ತಂದ. ಗೂಟದ ತುದಿಯಿಂದ ಇಳಿಬಿಟ್ಟ. ಎಳೆ ಗೂಟವನ್ನು ಬಿಟ್ಟು ದೂರ ತೂಗಿತು. ಕಲ್ಲು ತೂಗಾಡುವುದು ನಿಂತ ಮೇಲೆ ಬುಡದಿಂದ ಕಲ್ಲಿನವರೆಗೆ ಅಕ್ಕ ಬೆರಳಿಟ್ಟಳು. ನಾಲ್ಕು. ಉತ್ತರಕ್ಕೆ.

"ನಾಲ್ಕು ಬೆರಳು ಇವನದು," ಎಂದಳು ಅಕ್ಕ ನನ್ನ ಕಡೆ ತೋರಿಸಿ. "ಸೂರ್ಯಂದು ಏನೂ ಇಲ್ಲ."

ಮಾವ ನೆಲ ನೋಡಿದ. ಆಗ ಅವನಿಗೆ ತನ್ನ ಕಾಲ ಬುಡ ಕಂಡಿತು. ರುಮಾಲಿನ ಕಪ್ಪು ನೆರಳು ಅವನ ಪಾದಗಳ ಸುತ್ತ ಒಂದು ಸಣ್ಣ ಕೊಚ್ಚೆಯ ಹಾಗೆ ಬಿದ್ದಿತ್ತು, ಅದರಾಚೆ ತಲೆಯಿಲ್ಲ, ಕೈಯಿಲ್ಲ, ಮಾವನೇ ಇಲ್ಲ. ಅವನು ಹೌಹಾರಿ ಒಂದು ಹೆಜ್ಜೆ ಜಿಗಿದ. ಕೊಚ್ಚೆಯೂ ಜಿಗಿಯಿತು. ನಾನೂ ನನ್ನ ಕಾಲ ಬುಡ ನೋಡಿಕೊಂಡೆ. ನಾನು ಚಿಕ್ಕವನು, ನನ್ನ ಪಾಲಿಗೆ ಬಿದ್ದದ್ದು ಇನ್ನೂ ಚಿಕ್ಕದು. ಕಿರುಚಿಕೊಂಡು ಅವ್ವನ ಸೀರೆಯ ಹಿಂದೆ ಹೋದೆ. ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಬೇರೆಯವರ ಜಿಗಿತವನ್ನು ಬರೆದ ಮೇಲೆ ನನ್ನ ಓಟವನ್ನು ಬಚ್ಚಿಡುವುದು ನ್ಯಾಯವಲ್ಲ.

ಸ್ವಲ್ಪ ಹೊತ್ತಿಗೆ ಒನಕೆಯ ಬುಡದಿಂದ ಪೂರ್ವಕ್ಕೆ ಒಂದು ಕಪ್ಪು ಗೆರೆ ಹೊರಟಿತು. ನಮಗೆಲ್ಲ ಉಸಿರು ಬಂತು.

ಮಾವ ಊಟಕ್ಕೆ ಕುಳಿತ. ಎರಡು ಮುದ್ದೆ ಮುಗಿಸಿದ. ಆಮೇಲೆ, "ಭಾವ, ಅಳಿಯ ಇಲ್ಲೇ ಇರ್ಲಿ ಬಿಡು," ಎಂದ. ಇನ್ನೊಂದು ತುತ್ತು ನುಂಗಿ, "ಆದ್ರೆ ಆ ಹುಡುಗೀನ ಹೊರಗಡೆ ಕೊಡಬ್ಯಾಡ. ನಮ್ಮನೆಗೇ ಬೇಕು," ಎಂದ. ಅಕ್ಕ ಅಡುಗೆಮನೆಯೊಳಗೆ ಕಡತಕ್ಕೆ ಬರೆಯುತ್ತಿದ್ದಳು. ಹಿಂದಿನ ವರ್ಷದ ಖಾಲಿ ಜಾಗದ ಪಕ್ಕದಲ್ಲಿ ಅಂದಿನ ದಿನಕ್ಕೆ ಒಂದು ಸೊನ್ನೆ ಇಟ್ಟಳು. ಅಷ್ಟು ದುಂಡಗಿನ ಸೊನ್ನೆಯನ್ನು ನಾನು ಆಮೇಲೆ ಯಾರ ಕೈಯಲ್ಲೂ ಕಂಡಿಲ್ಲ.

ಎರಡು ವರ್ಷದ ಮೇಲೆ ಅವಳು ಚಳ್ಳಕೆರೆಯ ಸೊಸೆಯಾದಳು. ಗಾಡಿಯಲ್ಲಿ ಹೋದ ಗಂಟುಗಳಲ್ಲಿ ಕಡತವೂ ಇತ್ತು. ಅಟ್ಟಕ್ಕೆ ಹೋಗಬೇಕಾಗಿದ್ದುದು ಮಾವನ ಮನೆಯ ನಡುಮನೆಗೆ ಹೋಯಿತು. ಮಾವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೊನೆಗಾಲದಲ್ಲಿ ಮಾತ್ರ ಮೊಮ್ಮಕ್ಕಳನ್ನು ಕೂರಿಸಿಕೊಂಡು, "ನಾಲ್ಕು ಬೆರಳು ಇತ್ತು, ಹೋಗ್ಲಿ ಪಾಪ ಅಂತ ಬಿಟ್ಟೆ," ಎನ್ನುತ್ತಿದ್ದನಂತೆ. ಅದೇ ಮಾತು ಈಗ ಆ ಮನೆಯಲ್ಲಿ ನಡೆಯುತ್ತಿದೆ. ನೀನಾದರೂ ಯಾಕೆ ನಿಜ ಹೇಳುವುದಿಲ್ಲ ಎಂದು ಅಕ್ಕನನ್ನು ಕೇಳಿದೆ.

"ಹೇಳಿದ್ರೆ ಮಕ್ಕಳು ನನ್ನ ಮಾತು ನಂಬ್ತಾವೆ, ಇಲ್ಲಾಂದ್ರೆ ಮಾವನ ಮಾತು ನಂಬ್ತಾವೆ. ಎರಡೂ ಒಂದೇ," ಎಂದಳು. "ಅಂಗಳದಾಗೆ ಗೂಟ ಐತೆ. ಬೇಕಾದೋರು ಅಳ್ಕಳ್ಳಲಿ. ದೊಡ್ಡ ಮೊಮ್ಮಗಳು ಹೋದ ವಾರ ಹಿಡಿದವ್ಳೆ. ಇವತ್ತಿಗೆ ಒಂಬತ್ತನೇ ದಿನ."

ಅಂದು ಆ ಅಂಗಳವನ್ನು ಕಂಡವರು ಆರು ಮಂದಿ. ಅಪ್ಪ ಇಲ್ಲ, ಅವ್ವ ಇಲ್ಲ, ಮಾವ ಇಲ್ಲ. ಅಕ್ಕ ಚಳ್ಳಕೆರೆಯಲ್ಲಿ ಇದ್ದಾಳೆ, ಕಣ್ಣು ಚೆನ್ನಾಗಿದೆ. ನಾನು ಇದ್ದೇನೆ. ಎದುರು ಜಗಲಿಯ ಹುಡುಗಿಯೂ ಇದ್ದಾಳೆ. ಬೀದಿ ದಾಟಿ ನಮ್ಮ ಮನೆಗೇ ಬಂದು ನಲವತ್ತು ವರ್ಷದ ಮೇಲಾಯಿತು. ಇದನ್ನು ಬರೆಯುವಾಗ ಪಕ್ಕದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಳೆ.

"ಮೊದ್ಲು ಕಂಡು ಕೂಗಿದ್ದು ನಾನು," ಎಂದಳು ಈಗ ತಾನೆ. "ಅದನ್ನ ಬರೆದ್ರಾ?"

ಬರೆದಿದ್ದೇನೆ.